‘ಹೌದ್ರಿ ಮೇಡಂ’ ಅಂದವರು ಮತ್ತೆ ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಮನೆಮಾತು ತುಳು, ಓದಿದ್ದು ಇಂಗ್ಲಿಷ್, ಕನ್ನಡ ಅಮ್ಮ ಕಲಿಸಿದ್ದು. ಈಗ ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎ. ಎರಡನೇ ವರ್ಷ, ಠಾಣೆಯ ಒಂದು ಸೆಂಟರಿನಲ್ಲಿ ಇಂಟರ್ನ್‌ಶಿಪ್. ನನಗೆ ಕನ್ನಡ ಬರುತ್ತದೆ ಅಂತ ಕಲಬುರಗಿ ಕಡೆಯ ಒಬ್ಬರನ್ನು ನನಗೆ ಕೊಟ್ಟರು. ವಯಸ್ಸು 42, ಹೆಂಡತಿ ಮಕ್ಕಳು ಊರಲ್ಲಿ, ಗೌಂಡಿ ಕೆಲಸ, ಘೋಡ್‌ಬಂದರ್ ರೋಡಿನ ಸೈಟಿನಲ್ಲಿ. ನಿದ್ದೆ ಇಲ್ಲ, ಎದೆ ಭಾರ, ತಮ್ಮನಿಗಾಗಿ ಮಾಡಿದ ಸಾಲ. ನಾನು ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಪರೀಕ್ಷಿಸಿ ಬದಲಿಸುವ ಮಾತಿನ ಚಿಕಿತ್ಸೆ) ಪ್ರಕಾರವೇ ಹೋದೆ, ಬಂದ ಯೋಚನೆಗಳನ್ನು ಬರೆದಿಡುವ ಹಾಳೆ ಕೊಟ್ಟೆ. ಏನು ಹೇಳಿದರೂ ‘ಹೌದ್ರಿ ಮೇಡಂ’ ಅಂದರು. ಮೂರನೇ ಸಲ ಬಂದಾಗ ಹಾಳೆ ಖಾಲಿ. ಅವತ್ತೇ ‘ಗಾಣಗಾಪುರಕ್ಕ ಹೋಗಿ ಬರ್ತೀನ್ರಿ’ ಅಂದರು, ದತ್ತಾತ್ರೇಯನ ದರ್ಶನಕ್ಕೆ. ನನಗೆ ಸಿಟ್ಟು ಬಂತು, ಮುಖದಲ್ಲಿ ಕಾಣಿಸಿತೋ ಏನೋ. ನಾಲ್ಕನೇ ಸಲ ಬರಲೇ ಇಲ್ಲ. ಸೂಪರ್‌ವೈಸರ್ ‘ಇಂಥವರಿಗೆ ಸಿಬಿಟಿ ಆಗಲ್ಲ, ಬುದ್ಧಿ ಹೇಳಿ ಕಳಿಸು’ ಅನ್ನುತ್ತಾರೆ. ಗೆಳತಿ ‘ಅವರ ಕಡೆಯವರನ್ನೇ ಕೊಡಬೇಕಿತ್ತು’ ಅನ್ನುತ್ತಾಳೆ. ತಪ್ಪಿದ್ದು ನನ್ನ ಟೆಕ್ನಿಕ್ಕೋ, ನನ್ನ ಧೋರಣೆಯೋ?

ಉತ್ತರ: ಅದನ್ನು ಆಮೇಲೆ ನೋಡೋಣ. ಮೊದಲು ಸೆಂಟರಿನ ಫೋನಿನಿಂದ ಅವರಿಗೊಂದು ಕರೆ ಮಾಡಿ, ಇವತ್ತೇ. ‘ಯಾಕೆ ಬರಲಿಲ್ಲ’ ಅಂತ ಹಾಜರಿ ಕೇಳಬೇಡಿ. ನಿದ್ದೆ ಹೇಗಿದೆ ಅಂತ ಕೇಳಿ. ನಿದ್ದೆ ಇಲ್ಲ, ಸಾಲ ಇದೆ, ಮನೆಯವರು ದೂರ ಇದ್ದಾರೆ. ಇಷ್ಟೆಲ್ಲ ಬರೆದ ನೀವು, ಸಾಯುವ ಯೋಚನೆ ಬರುತ್ತದಾ ಅಂತ ಅವರನ್ನು ಕೇಳಿದ ಬಗ್ಗೆ ಒಂದು ಸಾಲೂ ಬರೆದಿಲ್ಲ. ಕೇಳಿದ್ದರೆ ಸರಿ. ಕೇಳಿಲ್ಲದಿದ್ದರೆ ಈಗ ಕೇಳಿ, ನೇರವಾಗಿ, ಅವರ ಮಾತಿನಲ್ಲೇ: ‘ಜೀವಾನೇ ಬ್ಯಾಡ ಅನ್ನಿಸ್ತದೇನ್ರಿ?’ ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳಿದರು ಅಂತ ಹಗುರಾಗುವವರೇ ಜಾಸ್ತಿ. ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟಿಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ.

ಈಗ ನಿಮ್ಮ ಪ್ರಶ್ನೆ. ನಿಮ್ಮ ವಯಸ್ಸಿಗೆ ನಾನು ‘ನೀನು’ ಅಂದರೂ ನಡೆಯುತ್ತಿತ್ತು, ಆದರೆ ಆ ವಿಷಯವೇ ಮುಂದೆ ಬರಲಿದೆ, ಹಾಗಾಗಿ ‘ನೀವು’ ಅಂತಲೇ ಇರಲಿ.

ಟೆಕ್ನಿಕ್ಕೋ ಧೋರಣೆಯೋ ಅಂತ ಕೇಳಿದಿರಿ. ಅವೆರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುವುದಕ್ಕೆ ಆಗುವುದಿಲ್ಲ. ನಮ್ಮ ಧೋರಣೆ ಅವರಿಗೆ ಕಾಣಿಸುವುದೇ ನಮ್ಮ ಟೆಕ್ನಿಕ್ಕಿನಲ್ಲಿ. ಆ ಹಾಳೆಯನ್ನೇ ತೆಗೆದುಕೊಳ್ಳಿ. ನಿಮಗೆ ಅದು ಒಂದು ಸಾಧನ. ಅವರಿಗೆ? ಬ್ಯಾಂಕಿನಲ್ಲಿ, ರೇಷನ್ ಕಚೇರಿಯಲ್ಲಿ, ಕಂಟ್ರಾಕ್ಟರ್ ಹತ್ತಿರ, ಹಾಳೆ ಕೈಗೆ ಬಂದಾಗಲೆಲ್ಲ ಇನ್ನೊಬ್ಬರನ್ನು ‘ಸ್ವಲ್ಪ ಓದಿ ಹೇಳ್ರಿ’ ಅಂತ ಕೇಳಬೇಕಾದವರಾಗಿದ್ದರೆ? ಅವರು ಎಷ್ಟನೇ ಇಯತ್ತೆವರೆಗೆ ಓದಿದ್ದಾರೆ ಅಂತ ನಿಮ್ಮ ಪತ್ರದಲ್ಲಿಲ್ಲ. ನಿಮಗೆ ಗೊತ್ತಿಲ್ಲ ಅಂತ ನನ್ನ ಅನುಮಾನ. ಮಗಳ ವಯಸ್ಸಿನ ಹುಡುಗಿ, ಎದುರಿಗೆ ಮೇಜು, ಕೈಯಲ್ಲಿ ಪೆನ್ನು, ಬಾಯಲ್ಲಿ ‘ಹೋಮ್‌ವರ್ಕ್’ ಅನ್ನುವ ಮಾತು. ದಿನವಿಡೀ ಇಂಜಿನಿಯರ್‌ಗೂ ಮುಕಾದಮನಿಗೂ ‘ಹೌದ್ರಿ’ ಅಂದು ಬದುಕುವ ಮನುಷ್ಯ ನಿಮಗೂ ಅದನ್ನೇ ಅಂದರು. ಆ ‘ಹೌದ್ರಿ’ಗೆ ‘ಒಪ್ಪಿದೆ’ ಅಂತ ಅರ್ಥ ಅಲ್ಲ. ‘ನೀವು ಹೇಳಿದ್ದು ಕೇಳಿಸಿತು, ಸಿಟ್ಟು ಮಾಡ್ಕೋಬೇಡಿ’ ಅಂತ.

ಇದು ನನಗೆ ಹೇಗೆ ಗೊತ್ತು ಅಂದರೆ ನಾನೂ ಹೀಗೇ ಕಳೆದುಕೊಂಡಿದ್ದೇನೆ. ಇಪ್ಪತ್ತೈದು ವರ್ಷದ ಹಿಂದೆ, ಮಾಟುಂಗಾ ಕಡೆ, ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಒಬ್ಬ ಬರುತ್ತಿದ್ದ. ರಾತ್ರಿ ಶಾಲೆ ಬಿಟ್ಟಿದ್ದ, ಸುಮ್ಮಸುಮ್ಮನೆ ಅಳು ಬರುತ್ತದೆ ಅನ್ನುತ್ತಿದ್ದ. ಕುಂದಾಪುರ ಕಡೆಯವನು ಅಂತ ಗೊತ್ತಾದ ಕೂಡಲೇ ನನಗೆ ಖುಷಿಯೋ ಖುಷಿ, ನಾನೂ ಬೈಂದೂರು ಕಡೆಯವಳಲ್ವಾ. ‘ಊರಲ್ಲಿ ಎಲ್ಲಿ? ಯಾರ ಮನೆ?’ ಅಂತ ಶುರು ಮಾಡಿದೆ. ಬಾಂಧವ್ಯ ಬೆಳೆಯಿತು ಅಂತ ಫೈಲಿನಲ್ಲಿ ಬರೆದೂ ಬರೆದೆ. ಮಾಲೀಕರ ಹತ್ತಿರ ಕೆಲಸದ ಹೊತ್ತಿನ ಬಗ್ಗೆ ನೇರವಾಗಿ ಮಾತಾಡು ಅಂತ ಹೇಳಿಕೊಟ್ಟೆ, ನಾನು ಮಾಲೀಕ ಆಗಿ ಅವನು ಅವನೇ ಆಗಿ ಪ್ರಾಕ್ಟೀಸ್ ಕೂಡ ಮಾಡಿಸಿದೆ. ‘ಆಯ್ತ್ ಅಕ್ಕ, ಆಯ್ತ್ ಅಕ್ಕ’ ಅಂದ. ಆ ಮಾಲೀಕರು ಅವನ ತಾಯಿಯ ಕಡೆ ಸಂಬಂಧಿ, ಅವನನ್ನು ಬಸ್ಸು ಹತ್ತಿಸಿ ಕರೆತಂದವರು, ಅವನು ರಾತ್ರಿ ಮಲಗುವುದು ಅವರದೇ ಹೋಟೆಲಿನಲ್ಲಿ. ಅವನು ಬರುವುದು ನಿಂತಿತು. ಕೆಲವು ತಿಂಗಳಾದ ಮೇಲೆ ಒಂದು ಹಾಲ್‌ನಲ್ಲಿ ಯಕ್ಷಗಾನ ಇತ್ತು. ನಾನು ಯಾರೋ ಪರಿಚಯದವರ ಜೊತೆ ನಗುತ್ತಾ ಮಾತಾಡುತ್ತಿದ್ದೆ. ದೂರದಲ್ಲಿ ಆ ಹುಡುಗ ಕಂಡ. ನನ್ನನ್ನು ನೋಡಿದವನೇ ಕಂಬದ ಹಿಂದೆ ಹೋದ. ನಾನು ಮಾತಾಡುತ್ತಿದ್ದದ್ದು ಅವನ ಮಾಲೀಕರ ಅಣ್ಣನ ಜೊತೆ ಅಂತ ಮನೆಗೆ ಬಂದ ಮೇಲೆ ಹೊಳೆಯಿತು.

ಮುಂಬಯಿಯಲ್ಲಿ ನಮ್ಮವರ ಲೋಕ ಬಹಳ ಸಣ್ಣದು. ಸಂಘದ ವಾರ್ಷಿಕೋತ್ಸವ, ಮದುವೆ, ಯಕ್ಷಗಾನದ ಆಟ, ಎಲ್ಲ ಕಡೆ ಅವೇ ಮುಖಗಳು. ‘ಯಾರ ಮನೆ’ ಅನ್ನುವ ನನ್ನ ಪ್ರಶ್ನೆ ಅವನಿಗೆ ಅಕ್ಕರೆಯಾಗಿ ಕೇಳಿಸಿರಲಿಕ್ಕಿಲ್ಲ. ಸುದ್ದಿ ಎಲ್ಲಿವರೆಗೆ ಹೋಗಬಹುದು ಅನ್ನುವ ಲೆಕ್ಕ ಶುರುವಾಗಿರಬೇಕು. ಮತ್ತೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಊರು, ಮನೆ, ಅಡ್ಡಹೆಸರು ಕೇಳಿದರೆ ನಮ್ಮಲ್ಲಿ ಜಾತಿ ಕೇಳಿದ ಹಾಗೇ. ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ, ಉತ್ತರ ಕೊಡಬೇಕಾದವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲೇ ನಿಮ್ಮ ಗೆಳತಿಯ ಮಾತಿಗೂ ಉತ್ತರ ಇದೆ. ‘ಅವರ ಕಡೆಯವರನ್ನೇ ಕೊಡಬೇಕು’ ಅನ್ನುವುದು ಕೇಳಲಿಕ್ಕೆ ಸರಿ ಅನ್ನಿಸುತ್ತದೆ. ಅಮೆರಿಕದಲ್ಲಿ ಈ ವಿಷಯದ ಮೇಲೆ ಆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ 2011ರಲ್ಲಿ ಬಂತು. ಜನ ತಮ್ಮ ಜನಾಂಗದ ಕೌನ್ಸೆಲರ್ ಬೇಕು ಅಂತ ಬಯಸುತ್ತಾರೆ, ಅದು ನಿಜ. ಆದರೆ ಹಾಗೆ ಸಿಕ್ಕವರಿಗೂ ಸಿಗದವರಿಗೂ ಗುಣವಾಗುವುದರಲ್ಲಿ ಹೆಚ್ಚುಕಡಿಮೆ ಏನೂ ವ್ಯತ್ಯಾಸ ಇರಲಿಲ್ಲ. ನನ್ನ ಹುಡುಗನಿಗೆ ನಾನು ‘ಅವನ ಕಡೆಯವಳೇ’ ಆಗಿದ್ದೆ. ಏನು ಬಂತು?

ಹಾಗಾದರೆ ವ್ಯತ್ಯಾಸ ಮಾಡುವುದು ಯಾವುದು? ಇಬ್ಬರ ನಡುವೆ ಹುಟ್ಟುವ ಹೊಂದಾಣಿಕೆ, ಅಂದರೆ ನಾವಿಬ್ಬರೂ ಒಂದೇ ಕೆಲಸಕ್ಕೆ ಕೂತಿದ್ದೇವೆ ಅನ್ನುವ ಭರವಸೆ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಿಬಿಟಿ ಇರಲಿ, ಬೇರೆ ಯಾವ ಪದ್ಧತಿ ಇರಲಿ, ಈ ಹೊಂದಾಣಿಕೆ ಗಟ್ಟಿ ಇದ್ದಲ್ಲಿ ಫಲ ಚೆನ್ನಾಗಿತ್ತು. ಇದೊಂದೇ ಎಲ್ಲವನ್ನೂ ಮಾಡುತ್ತದೆ ಅಂತಲ್ಲ, ಆ ಲೆಕ್ಕವೂ ಹಾಗೆ ಹೇಳುವುದಿಲ್ಲ. ಆದರೆ ಇದಿಲ್ಲದಿದ್ದರೆ ಜನ ಮತ್ತೆ ಬರುವುದೇ ಇಲ್ಲ, ಟೆಕ್ನಿಕ್ ಯಾರ ಮೇಲೆ ಹಾಕುತ್ತೀರಿ? ಸಿಯಾಟಲ್ ಕಡೆಯ 17 ಕೇಂದ್ರಗಳ ದಾಖಲೆ ತೆಗೆದು ಸ್ಟಾನ್ಲಿ ಸೂ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲೇ ತೋರಿಸಿದ್ದರು: ಅಲ್ಪಸಂಖ್ಯಾತ ಜನಾಂಗದವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಭೇಟಿಯ ನಂತರ ತಿರುಗಿ ಬರಲಿಲ್ಲ, ಬಿಳಿಯರಲ್ಲಿ ಅದು ನೂರಕ್ಕೆ 30 ಮಾತ್ರ. ನಿಮ್ಮವರು ಮೂರು ಸಲ ಬಂದರು. ಅದೂ ದಿನಗೂಲಿಯವರು. ಬಂದ ದಿನದ ಪಗಾರ ಹೋಗುತ್ತಿತ್ತಾ, ಕೇಳಿದ್ರಾ? ಮೂರು ಸಲ ಪಗಾರ ಬಿಟ್ಟು ಬಂದವರನ್ನು ‘ಇಂಥವರಿಗೆ ಆಗಲ್ಲ’ ಅನ್ನುವುದು ಯಾವ ನ್ಯಾಯ?

ಇನ್ನು ನಿಮ್ಮ ಸೂಪರ್‌ವೈಸರ್. ಅವರ ಮಾತು ಓದಿ ನನಗೆ ಸ್ವಲ್ಪ ತಲೆಬಿಸಿಯೇ ಆಯಿತು, ಮುಚ್ಚಿಡುವುದಿಲ್ಲ. ‘ಇಂಥವರಿಗೆ ಸಿಬಿಟಿ ಆಗಲ್ಲ’ ಅನ್ನುವುದು ಮೇಲೆ ನೋಡಿದರೆ ಸಂಸ್ಕೃತಿ ಬಲ್ಲವರ ಮಾತಿನ ಹಾಗಿದೆ, ಒಳಗೆ ಬರೀ ತಾತ್ಸಾರ. ಪಕ್ಕದ ಗೋವಾದಲ್ಲಿ ಏನಾಯಿತು ನೋಡಿ. ಸಂಗಾತ್ ಸಂಸ್ಥೆಯವರು ಸರ್ಕಾರದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದ 495 ಜನರ ಮೇಲೆ ಒಂದು ಪ್ರಯೋಗ ಮಾಡಿದರು, ಅದು 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಕೌನ್ಸೆಲಿಂಗ್ ಮಾಡಿದವರು ಸೈಕಾಲಜಿ ಓದಿದವರಲ್ಲ, ತರಬೇತಿ ಪಡೆದ ಸ್ಥಳೀಯರು. ಕೊಟ್ಟದ್ದು ಸಿಬಿಟಿಯ ಬಳಗದ್ದೇ ಒಂದು ಪದ್ಧತಿ. ಯೋಚನೆಯನ್ನು ಅಗೆಯುವುದಲ್ಲ, ನಿಂತುಹೋದ ಸಣ್ಣ ಸಣ್ಣ ಕೆಲಸಗಳನ್ನು ಮತ್ತೆ ಶುರು ಮಾಡಿಸುವುದು. ಆರೆಂಟು ಭೇಟಿ, ಅಷ್ಟೆ. ಮೂರು ತಿಂಗಳ ಹೊತ್ತಿಗೆ ಅದನ್ನು ಪಡೆದವರಲ್ಲಿ ನೂರಕ್ಕೆ 64 ಜನರ ಖಿನ್ನತೆ ಇಳಿದಿತ್ತು, ಮಾಮೂಲಿ ಆರೈಕೆ ಪಡೆದವರಲ್ಲಿ 39. ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದು. ಆ ಕೌನ್ಸೆಲರ್‌ಗಳು ತಮ್ಮ ಭೇಟಿಗಳ ರೆಕಾರ್ಡಿಂಗನ್ನು ಒಟ್ಟಿಗೆ ಕೂತು ಕೇಳಿ ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು. ನಿಮ್ಮ ಸೆಂಟರಿನಲ್ಲಿ ಅದಿದೆಯಾ? ಇಲ್ಲದಿದ್ದರೆ ಅನುಮತಿ ಪಡೆದು ಇಬ್ಬರು ಇಂಟರ್ನ್‌ಗಳೇ ಶುರು ಮಾಡಿ. ಸ್ವಂತ ದನಿ ಕೇಳಿದಾಗ ನಾಚಿಕೆಯಾಗುತ್ತದೆ, ಆಗಲಿ.

‘ಬುದ್ಧಿ ಹೇಳು’ ಅನ್ನುವುದರಲ್ಲಿ ಮಾತ್ರ ಒಂದು ಚೂರು ಸತ್ಯ ಇದೆ. ನಮ್ಮಲ್ಲಿ ಬಹಳ ಜನ ಕೌನ್ಸೆಲರ್ ಹತ್ತಿರ ಬರುವಾಗ ಹಿರಿಯರ ಹತ್ತಿರ ಬಂದ ಹಾಗೆ ಬರುತ್ತಾರೆ, ದಾರಿ ತೋರಿಸಲಿ ಅಂತ. ಜೆ.ಎಸ್. ನೇಕಿ ಅನ್ನುವ ಮನೋವೈದ್ಯರು 1973ರಲ್ಲೇ ಗುರು–ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಒಂದು ಮಾದರಿಯಾಗಿ ನೋಡಬಹುದು ಅಂತ ಬರೆದಿದ್ದರು. ಅಂಥವರ ಮುಂದೆ ನೀವು ಪುಸ್ತಕದಲ್ಲಿದ್ದಂತೆ ‘ಅಂದರೆ ನಿಮಗೆ ಬೇಜಾರಾಗಿದೆ ಅಂತೀರಿ’ ಅಂತ ಅವರದೇ ಮಾತು ತಿರುಗಿಸಿ ಹೇಳುತ್ತಾ ಕೂತರೆ, ಈ ಹುಡುಗಿಗೆ ಏನೂ ಗೊತ್ತಿಲ್ಲ ಅಂತಲೇ ಅವರು ಎದ್ದು ಹೋಗುತ್ತಾರೆ. ಮೊದಲ ದಿನವೇ ಕೈಗೆ ಏನಾದರೂ ಕೊಡಿ. ನಿದ್ದೆಗೆ ಸಂಬಂಧಿಸಿದ ಒಂದು ಉಪಾಯ ಸಾಕು. ಆದರೆ ಎಲ್ಲರಿಗೂ ಇದೇ ಸರಿ ಅಂತ ಹಿಡಿದುಕೊಳ್ಳಬೇಡಿ. ಪೊವಾಯಿಯಲ್ಲಿ ಐಟಿ ಕೆಲಸ ಮಾಡುವ ಇನ್ನೊಬ್ಬರು ಕಲಬುರಗಿಯವರು ಬಂದು ‘ನನಗೆ ಸಲಹೆ ಬೇಡ, ಸುಮ್ನೆ ಕೇಳಿಸ್ಕೊಳ್ಳಿ’ ಅನ್ನಬಹುದು.

ಈ ಎಚ್ಚರ ಯಾಕೆ ಬೇಕು ಅನ್ನುವುದಕ್ಕೆ ಒಂದು ಪ್ರಸಂಗ ಇದೆ. ‘ಸಾಂಸ್ಕೃತಿಕ ವಿನಯ’ (ಇನ್ನೊಬ್ಬರ ಸಂಸ್ಕೃತಿ ನನಗೆ ಗೊತ್ತು ಅಂದುಕೊಳ್ಳದೆ ಅವರಿಂದಲೇ ಕಲಿಯುವುದು) ಅನ್ನುವ ಮಾತನ್ನು ಬಳಕೆಗೆ ತಂದ ಇಬ್ಬರು ಅಮೆರಿಕದ ವೈದ್ಯೆಯರು, ಟೆರ್ವಲಾನ್ ಮತ್ತು ಮರ್ರೆ-ಗಾರ್ಸಿಯಾ, 1998ರಲ್ಲಿ ಅದನ್ನು ಬರೆದರು. ಲ್ಯಾಟಿನ್ ಅಮೆರಿಕ ಮೂಲದ ಒಬ್ಬ ಹೆಂಗಸು ಆಪರೇಷನ್ ಆದ ಮೇಲೆ ನರಳುತ್ತಿದ್ದಾರೆ. ಅದೇ ಮೂಲದ ಡಾಕ್ಟರ್ ‘ಇವರಿಗೆ ಬಹಳ ನೋವಿದ್ದ ಹಾಗಿದೆ’ ಅನ್ನುತ್ತಾರೆ. ನರ್ಸ್ ‘ಇಲ್ಲ, ನಾನು ಕೋರ್ಸ್ ಮಾಡಿದ್ದೇನೆ, ಈ ಜನ ನೋವನ್ನು ಜಾಸ್ತಿ ಮಾಡಿ ತೋರಿಸುತ್ತಾರೆ’ ಅನ್ನುತ್ತಾರೆ. ಕಲಿತ ವಿಷಯವೇ ಕಿವಿಗೆ ಬೆಣೆಯಾಯಿತು. ‘ಉತ್ತರ ಕರ್ನಾಟಕದವರು ಹೀಗೆ, ಕರಾವಳಿಯವರು ಹಾಗೆ’ ಅಂತ ನಾನು ಇಲ್ಲಿ ಬರೆಯುತ್ತಿರುವುದನ್ನೂ ಅಷ್ಟೇ ಅನುಮಾನದಿಂದ ಓದಿ.

ಇದರ ತಿರುಗುಮುರುಗು ಇನ್ನೊಂದಿದೆ: ‘ನನಗೆ ಜಾತಿಗೀತಿ ಕಾಣಲ್ಲ, ಎಲ್ಲರೂ ಒಂದೇ’ ಅನ್ನುವವರು. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಆದರೆ ಬಾಡಿಗೆ ಮನೆ ಕೇಳಿದಾಗ ಅಡ್ಡಹೆಸರು ನೋಡಿ ಇಲ್ಲ ಅನ್ನಿಸಿಕೊಂಡು ಬಂದ ದಲಿತ ಹುಡುಗಿಗೋ ಮುಸ್ಲಿಂ ಹುಡುಗನಿಗೋ ಅದು ‘ಆ ವಿಷಯ ಇಲ್ಲಿ ತೆಗೀಬೇಡಿ’ ಅಂತಲೇ ಕೇಳಿಸುತ್ತದೆ. ಸಲಿಂಗಿ ಯುವಕನಿಗೆ ‘ಮದುವೆಯಾದರೆ ಸರಿಹೋಗುತ್ತದೆ’ ಅನ್ನುವ ಕೌನ್ಸೆಲರ್‌ಗಳು ಈ ಊರಲ್ಲಿ ಈಗಲೂ ಇದ್ದಾರೆ. ಅದು ಬರೀ ಧೋರಣೆಯ ದೋಷ ಅಲ್ಲ. ಇಂಥ ‘ಪರಿವರ್ತನೆ ಚಿಕಿತ್ಸೆ’ ಮಾಡುವ ವೈದ್ಯರದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ನನ್ನೂ ಒಮ್ಮೆ ಓದಿ. ಜಾತಿ, ಧರ್ಮ, ವರ್ಗ, ಲಿಂಗ, ಲೈಂಗಿಕ ಒಲವು ಯಾವುದರ ಮೇಲೂ ಭೇದ ಮಾಡುವ ಹಾಗಿಲ್ಲ.

ಈಗ ಭಾಷೆ. ನಿಮ್ಮ ಹಾಳೆ ಖಾಲಿ ಬರಲು ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಆರನ್ ಬೆಕ್ 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಪದ್ಧತಿ ಇದು. ಅದರಲ್ಲಿ ಯೋಚನೆಗೆ ಒಂದು ಕಾಲಂ, ಭಾವನೆಗೆ ಇನ್ನೊಂದು. ಕನ್ನಡದಲ್ಲಿ ನಾವು ಏನನ್ನುತ್ತೇವೆ? ‘ನನಗೆ ಹಾಗನ್ನಿಸಿತು.’ ಈ ‘ಅನ್ನಿಸಿತು’ ಯೋಚನೆಯೋ ಭಾವನೆಯೋ? ಎರಡೂ. ‘ತಮ್ಮ ಮೋಸ ಮಾಡಿದ ಅನ್ನಿಸ್ತದ’ ಅಂತ ಅವರು ಹೇಳಿದರೆ ಯಾವ ಕಾಲಂನಲ್ಲಿ ಬರೆಯಬೇಕು? ಅವರಿಗೆ ಅರ್ಥವಾಗಲಿಲ್ಲ ಅಂತಲ್ಲ, ಗೆರೆ ಎಳೆದ ಜಾಗವೇ ನಮ್ಮ ಮಾತಿಗೆ ಹೊಂದುವುದಿಲ್ಲ. ನಾನು ಕಾಲಂ ಬಿಟ್ಟು ಹೀಗೆ ಕೇಳುತ್ತೇನೆ: ‘ಆಗ ತಲೆಯಲ್ಲಿ ಏನು ಓಡಿತು? ಎದೆಯಲ್ಲಿ ಏನಾಯಿತು? ಆಮೇಲೆ ಏನು ಮಾಡಿದಿರಿ?’ ಬರೆಯುವುದು ಬೇಡ, ಊಟದ ಹೊತ್ತಿಗೆ ಮೊಬೈಲಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ ಅನ್ನುತ್ತೇನೆ. ಹಾಳೆಗೆ ಹೆದರುವವರು ಫೋನಿಗೆ ಹೆದರುವುದಿಲ್ಲ.

‘ಡಿಪ್ರೆಶನ್’ ಅನ್ನುವ ಪದವೂ ಅಷ್ಟೆ, ತುರ್ತಿಲ್ಲ. ಅವರು ‘ತ್ರಾಸ’ ಅಂದರೆ ನೀವೂ ತ್ರಾಸ ಅನ್ನಿ, ಮರಾಠಿ ಕೇಳಿ ಬೆಳೆದ ನಿಮಗೆ ಆ ಮಾತು ಹೊಸದಲ್ಲ. ನಿಮ್ಮ ಮನೆಯಲ್ಲಿ ‘ಮಂಡೆ ಬೆಚ್ಚ’ (ತಲೆಬಿಸಿ) ಅನ್ನುವುದನ್ನೇ ಅವರು ಬೇರೆ ರೀತಿ ಹೇಳುತ್ತಿದ್ದಾರೆ. ಮತ್ತೆ ಆ ‘ನೀನು–ನೀವು’. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡದಲ್ಲಿ ಬಹುವಚನ ಆಗಾಗ ಜಾರುತ್ತದೆ, ನನ್ನ ಮಗನೇ ಅಜ್ಜನಿಗೆ ‘ನೀ ಊಟ ಮಾಡಿದಿಯಾ’ ಅಂದು ಬೈಸಿಕೊಂಡಿದ್ದಾನೆ. ಅಜ್ಜ ನಕ್ಕು ಬಿಟ್ಟಾರು. ಸೈಟಿನಲ್ಲಿ ದಿನವೂ ಏಕವಚನ ಕೇಳಿ ಬರುವ 42ರ ಮನುಷ್ಯನಿಗೆ ನಿಮ್ಮ ಬಾಯಿಂದಲೂ ಅದೇ ಬಂದರೆ, ಮುಂದೆ ನೀವು ಎಷ್ಟು ಮೃದುವಾಗಿ ಮಾತಾಡಿದರೂ ಉಪಯೋಗ ಇಲ್ಲ. ಶುರುವಿಗೇ ಹೇಳಿಬಿಡಿ: ‘ನನ್ನ ಕನ್ನಡ ಅಷ್ಟಕ್ಕಷ್ಟೆ, ತಪ್ಪಿದರೆ ತಿದ್ದಿ.’ ಅವರು ನಿಮ್ಮನ್ನು ತಿದ್ದಿದ ದಿನ ‘ಹೌದ್ರಿ ಮೇಡಂ’ ಕಡಿಮೆಯಾಗುತ್ತದೆ, ನೋಡಿ ಬೇಕಾದರೆ.

ಕೊನೆಗೆ ಗಾಣಗಾಪುರ ಮತ್ತು ನಿಮ್ಮ ಸಿಟ್ಟು. ನೀವು ಅದನ್ನು ಬರೆದಿರಿ, ಅದು ದೊಡ್ಡದು. ಬಹಳ ಜನ ಬರೆಯುವುದಿಲ್ಲ. ಆದರೆ ಸಿಟ್ಟು ನಿಜವಾಗಿ ಯಾವುದರ ಮೇಲೆ? ನಿಮ್ಮ ಮನೆಯಲ್ಲಿ ಊರಿನ ದೈವಕ್ಕೆ ಹರಕೆ ಹೇಳಿಕೊಂಡಾಗ, ನಾಗನಿಗೆ ತಂಬಿಲ ಕೊಡಿಸಲು ರಜೆ ಹಾಕಿ ಹೋದಾಗ, ಇಷ್ಟೇ ಸಿಟ್ಟು ಬರುತ್ತದಾ? ಬರುವುದಿಲ್ಲ ಅಂದರೆ ಅದು ಮೂಢನಂಬಿಕೆಯ ಮೇಲಿನ ಸಿಟ್ಟಲ್ಲ. ಖಾಲಿ ಹಾಳೆಯನ್ನು ಸೂಪರ್‌ವೈಸರ್‌ಗೆ ತೋರಿಸಬೇಕಲ್ಲ ಅನ್ನುವ ಸಂಕಟ ಇರಬಹುದು. ಅದೇ ಹೊತ್ತಿಗೆ ಅವರು ನಿಮ್ಮನ್ನು ಬಿಟ್ಟು ದತ್ತಾತ್ರೇಯನ ಹತ್ತಿರ ಹೊರಟರು. ನಾನು ಪ್ರತಿ ಭೇಟಿಯ ನಂತರ ಎರಡು ಸಾಲು ಬರೆದಿಡುತ್ತೇನೆ: ಎಲ್ಲಿ ಸಿಟ್ಟು ಬಂತು, ಎಲ್ಲಿ ಖುಷಿಯಾಯಿತು. ನನ್ನನ್ನು ಜಾಸ್ತಿ ಮುಳುಗಿಸಿರುವುದು ಖುಷಿಯೇ, ಕುಂದಾಪುರದ ಹುಡುಗನ ವಿಷಯದಲ್ಲಿ ನೋಡಿದಿರಲ್ಲ.

ಗಾಣಗಾಪುರ ಅಂದಾಗ ನೀವು ಕೇಳಬಹುದಾಗಿದ್ದ ಪ್ರಶ್ನೆಗಳಿವೆ. ಆರ್ಥರ್ ಕ್ಲೈನ್‌ಮನ್ ಅನ್ನುವ ಮನೋವೈದ್ಯರು 1970ರ ದಶಕದಲ್ಲಿ ಇಂಥ ಕೆಲವು ಪ್ರಶ್ನೆ ಜೋಡಿಸಿಕೊಟ್ಟರು. ನಮ್ಮ ಮಾತಿಗೆ ತಂದರೆ ಹೀಗೆ: ನಿಮಗೆ ಏನಾಗಿದೆ ಅಂತ ನೀವು ತಿಳ್ಕೊಂಡೀರಿ? ಈಗಲೇ ಯಾಕೆ ಶುರುವಾಯಿತು? ಇದರಲ್ಲಿ ನಿಮಗೆ ಹೆದರಿಕೆ ಆಗುವುದು ಯಾವುದಕ್ಕೆ? ಯಾವುದರಿಂದ ಕಡಿಮೆ ಆಗಬಹುದು? ಯಾರೋ ಮಾಟ ಮಾಡಿಸಿದ್ದಾರೆ ಅಂತ ಮನೆಯಲ್ಲಿ ಅನ್ನುತ್ತಿರಬಹುದು, ಆ ‘ಯಾರೋ’ ತಮ್ಮನೇ ಇರಬಹುದು. ಆಗ ಇಡೀ ಕಥೆಯೇ ಬೇರೆಯಾಯಿತಲ್ವಾ? ಇನ್ನು ಆ ಪ್ರಯಾಣವನ್ನೇ ನೋಡಿ: ಸೈಟಿನಿಂದ ನಾಲ್ಕು ದಿನ ಬಿಡುವು, ಹೆಂಡತಿ ಮಕ್ಕಳ ಮುಖ, ಭೀಮಾ–ಅಮರ್ಜಾ ಸಂಗಮದಲ್ಲಿ ಸ್ನಾನ. ಗೋವಾದ ಕೌನ್ಸೆಲರ್ ಕೈಗೆ ಸಿಕ್ಕಿದ್ದರೆ ಇದನ್ನೇ ವಾರದ ಕೆಲಸವಾಗಿ ಕೊಡುತ್ತಿದ್ದರೇನೋ.

ಎಲ್ಲಕ್ಕೂ ತಲೆಯಾಡಿಸಿ ಅಂತ ನಾನು ಹೇಳುತ್ತಿಲ್ಲ. ಹೊಡೆಯುವುದು, ಉಪವಾಸ ಕೆಡವುವುದು, ನಡೆಯುತ್ತಿರುವ ಮಾತ್ರೆ ನಿಲ್ಲಿಸುವುದು, ಸರಪಳಿ ಹಾಕುವುದು ಇದ್ದರೆ ಸ್ಪಷ್ಟವಾಗಿ ಬೇಡ ಅನ್ನಬೇಕು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಕಡೆ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ಈಗ ಸರಪಳಿ ಹಾಕುವುದನ್ನು ಕಾನೂನೇ ನಿಷೇಧಿಸಿದೆ.

ಅವರು ಮತ್ತೆ ಬಂದರೆ ಮೇಜಿನ ಆಚೆ ಕೂರಬೇಡಿ, ಕುರ್ಚಿ ಪಕ್ಕಕ್ಕೆ ಎಳೆದುಕೊಳ್ಳಿ. ‘ಆ ಹಾಳೆ ಕೊಟ್ಟಿದ್ದು ನನ್ನ ತಪ್ಪು’ ಅನ್ನಿ. ‘ಉಪಯೋಗ ಆಯ್ತಾ’ ಅಂತ ಕೇಳಬೇಡಿ, ಉತ್ತರ ಏನು ಬರುತ್ತದೆ ನಿಮಗೆ ಗೊತ್ತು. ‘ನಾನು ಹೇಳಿದ್ದರಲ್ಲಿ ನಿಮಗೆ ಒಗ್ಗದೇ ಇದ್ದದ್ದು ಯಾವುದು?’ ಅಂತ ಕೇಳಿ. ಮೊದಲ ಸಲ ‘ಹಂಗೇನಿಲ್ರಿ ಮೇಡಂ’ ಅಂತಾರೆ. ಇನ್ನೊಂದು ಸಲ ಕೇಳಿ, ಆಮೇಲೆ ಸುಮ್ಮನಿರಿ. ಪಗಾರ ಹೋಗದ ಹಾಗೆ ಯಾವ ದಿನ, ಯಾವ ಹೊತ್ತು ಅಂತ ಅವರೇ ಹೇಳಲಿ, ನಿಮ್ಮ ಸೆಂಟರಿನ ಬಾಗಿಲು ಆ ಹೊತ್ತಿಗೆ ತೆಗೆದಿರುವ ಹಾಗೆ ಮಾಡುವುದು ನಿಮ್ಮ ಸೂಪರ್‌ವೈಸರ್ ಕೆಲಸ.

ಫೋನ್ ಎತ್ತದಿದ್ದರೆ ಸಂಜೆ ಏಳರ ಮೇಲೆ ಮತ್ತೊಮ್ಮೆ ಮಾಡಿ. ಹಗಲಿನಲ್ಲಿ ಕಾಂಕ್ರೀಟ್ ಮಷಿನ್ ಸದ್ದಿಗೆ ಕೇಳಿಸಿರುವುದಿಲ್ಲ.